ಟಸ್ಕನಿಗೆ ಹೋದರೆ ವೊಲ್ಟೆರ್ರಾದಲ್ಲಿ ಎರಡು ರಾತ್ರಿ ಉಳಿಯಿರಿ

ಯುರೋಪ್ ಟೂರ್ ಅಂತ ಹೊರಡುವ ನಮ್ಮವರ ಇಟಲಿ ಪಟ್ಟಿ ಹೆಚ್ಚುಕಮ್ಮಿ ಒಂದೇ. ರೋಮ್, ಫ್ಲಾರೆನ್ಸ್, ಪೀಸಾ, ವೆನಿಸ್. ಎಲ್ಲವೂ ನೋಡಲೇಬೇಕಾದ ಊರುಗಳು, ತಕರಾರಿಲ್ಲ. ಇನ್ನೂ ಸ್ವಲ್ಪ ಸಮಯ ಇದ್ದವರು ಸಾನ್ ಜಿಮಿನ್ಯಾನೋಗೆ ಹೋಗಿ, ಗೋಪುರಗಳನ್ನು ನೋಡಿ, ಸಂಜೆ ಬಸ್ಸಿಗೆ ವಾಪಸ್ ಬರುತ್ತಾರೆ. ಅಲ್ಲಿಂದ ಸುಮಾರು ಮೂವತ್ತು ಕಿಲೋಮೀಟರ್ ಆಚೆ ವೊಲ್ಟೆರ್ರಾ ಇದೆ. ನನ್ನ ಮಾತು ಕೇಳುವುದಾದರೆ ಪಟ್ಟಿಯಿಂದ ಒಂದು ದೊಡ್ಡ ಊರನ್ನು ಬಿಟ್ಟಾದರೂ ಇಲ್ಲಿಗೆ ಹೋಗಿ. ಊರನ್ನಷ್ಟೇ ನೋಡಬೇಡಿ, ಅದರ ಕೆಳಗಿನ ನೆಲವನ್ನೂ ನೋಡಿ. ಆ ನೆಲ ಗೊತ್ತಾಗದೆ ಈ ಊರು ಅರ್ಥವಾಗುವುದಿಲ್ಲ.

ಫ್ಲಾರೆನ್ಸ್‌ನಿಂದ ಬಂದರೆ ಕೊಲ್ಲೆ ದಿ ವಾಲ್ ದೆಲ್ಸಾದಲ್ಲಿ ಬಸ್ ಬದಲಿಸಬೇಕು. ಭಾನುವಾರ ಬಸ್ ಕಡಿಮೆ, ಮೊದಲೇ ನೋಡಿಕೊಳ್ಳಿ. ಸಮುದ್ರದ ಕಡೆಯಿಂದ ಬಂದರೆ ಚೆಚಿನಾ, ಆಮೇಲೆ ಸಾಲಿನೆ ದಿ ವೊಲ್ಟೆರ್ರಾ, ಅಲ್ಲಿಂದ ಏರು ದಾರಿ. 1912ರಿಂದ 1958ರವರೆಗೆ ಈ ಏರಿನಲ್ಲಿ ಹಲ್ಲುಹಳಿಯ ರೈಲು, ಅಂದರೆ ಹಲ್ಲಿರುವ ಹಳಿಯನ್ನು ಕಚ್ಚಿಕೊಂಡು ಹತ್ತುವ ರೈಲು, ಓಡುತ್ತಿತ್ತಂತೆ. ಊರು ಸಮುದ್ರಮಟ್ಟದಿಂದ 500 ಮೀಟರ್‌ಗಿಂತ ಎತ್ತರದಲ್ಲಿದೆ. ಸುತ್ತ ಜೇಡಿಮಣ್ಣಿನ ಬೋಳು ಗುಡ್ಡಗಳು. ಕ್ಯಾಲೆಂಡರಿನಲ್ಲಿ ಕಾಣುವ ಸಾಲು ಸೈಪ್ರಸ್ ಮರ, ದ್ರಾಕ್ಷಿತೋಟ ಇಲ್ಲಿ ಅಷ್ಟಾಗಿ ಇಲ್ಲ. ವಸಂತದಲ್ಲಿ ಎಲ್ಲ ಹಸಿರು, ಬೇಸಿಗೆಯಲ್ಲಿ ಗೋಧಿ ಕೊಯ್ಲು ಮುಗಿದ ಮೇಲೆ ಬೂದುಬಣ್ಣ. ಕೆಲವರಿಗೆ ಇದು ಬರಡು ಅನ್ನಿಸಬಹುದು. ನನಗಂತೂ ಕಣ್ಣು ಕೀಳಲು ಆಗಲಿಲ್ಲ.

ರೋಮ್ ಇನ್ನೂ ದೊಡ್ಡದಾಗುವ ಮೊದಲೇ ಇದು ಮಧ್ಯ ಇಟಲಿಯ ಪ್ರಾಚೀನ ಜನರಾದ ಎಟ್ರುಸ್ಕನ್ನರ ದೊಡ್ಡ ಊರು. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಅವರು ಕಟ್ಟಿದ ಕೋಟೆಗೋಡೆ ಸುಮಾರು 7 ಕಿಲೋಮೀಟರ್ ಸುತ್ತಳತೆಯದು. ಮಧ್ಯಕಾಲದ ಗೋಡೆ ಅದರ ಅರ್ಧವೂ ಇಲ್ಲ. ಅಂದರೆ ಇವತ್ತು ನಾವು ನಡೆದಾಡುವ ಕಲ್ಲುಬೀದಿಗಳ ಊರು ಹಳೆಯ ಊರಿನ ಒಂದು ತುಂಡು ಮಾತ್ರ. ನಡುವಿನ ಚೌಕದಲ್ಲಿರುವ ಪುರಭವನ, ಪಾಲಾತ್ಸೊ ದೇಯಿ ಪ್ರಿಯೋರಿ, ಕಟ್ಟಲು ಶುರುಮಾಡಿದ್ದು 1208ರಲ್ಲಿ. ಫ್ಲಾರೆನ್ಸ್‌ನಲ್ಲಿ ಎಲ್ಲರೂ ಫೋಟೋ ತೆಗೆಯುವ ಪಾಲಾತ್ಸೊ ವೆಕ್ಯೊ ಶುರುವಾಗಿದ್ದು ಅದಾಗಿ ತೊಂಬತ್ತು ವರ್ಷದ ಮೇಲೆ.

ಆದರೆ ನನ್ನನ್ನು ತುಂಬ ಹೊತ್ತು ನಿಲ್ಲಿಸಿಕೊಂಡದ್ದು ದಕ್ಷಿಣದ ಬಾಗಿಲು, ಪೋರ್ತಾ ಆಲ್ಲಾರ್ಕೊ. ಎಟ್ರುಸ್ಕನ್ ಬಾಗಿಲು ಅದು. ಕಮಾನಿನ ಮೇಲೆ ಮೂರು ಕಲ್ಲಿನ ತಲೆಗಳಿವೆ. ಗಾಳಿ ಮಳೆಗೆ ಸವೆದು ಮುಖ ಯಾರದು ಅಂತ ಹೇಳಲು ಬರುವುದಿಲ್ಲ. 1944ರ ಜೂನ್ ಕೊನೆಯಲ್ಲಿ ಜರ್ಮನ್ ಸೈನ್ಯ ಹಿಂದೆ ಸರಿಯುವಾಗ, ಅಮೆರಿಕನ್ನರ ದಾರಿ ತಡೆಯಲು ಈ ಬಾಗಿಲನ್ನು ಸ್ಫೋಟಿಸಲು ಹೊರಟಿತ್ತು. ಊರಿನವರು ಬೀದಿಗೆ ಹಾಸಿದ ಕಲ್ಲುಗಳನ್ನು ಕಿತ್ತು ಬಾಗಿಲೊಳಗೆ ಒಟ್ಟಿ, ಒಂದೇ ದಿನದೊಳಗೆ ದಾರಿಯನ್ನು ಪೂರ್ತಿ ಮುಚ್ಚಿದರು. ಮುಚ್ಚಿದ ಮೇಲೆ ಒಡೆಯುವ ಅಗತ್ಯವೇ ಉಳಿಯಲಿಲ್ಲ, ಬಾಗಿಲು ಉಳಿಯಿತು. ಬಾಂಬು ಬೀಳುವ ಹೊತ್ತಿನಲ್ಲಿ ಎರಡು ಸಾವಿರ ವರ್ಷದ ಹಳೇ ಬಾಗಿಲಿಗಾಗಿ ಕಲ್ಲು ಹೊತ್ತ ಜನ ಅವರು. ಹೆರಿಟೇಜ್ ಬಗ್ಗೆ ಭಾಷಣ ಕೇಳಿದ್ದೇನೆ, ಇಷ್ಟು ಮನಸ್ಸಿಗೆ ತಟ್ಟಿದ್ದು ಯಾವುದೂ ಇಲ್ಲ.

ಇನ್ನು ಆ ನೆಲದ ವಿಷಯ. ಸುತ್ತಲಿನ ಗುಡ್ಡಗಳಲ್ಲಿ ಅಲಬಾಸ್ಟರ್ ಸಿಗುತ್ತದೆ. ಜಿಪ್ಸಮ್ ಜಾತಿಯ ಮೆದು ಕಲ್ಲು, ಉಗುರಿನಿಂದ ಗೀರಿದರೂ ಗೆರೆ ಬೀಳುತ್ತದೆ, ತೆಳುವಾಗಿ ಕೆತ್ತಿದರೆ ಬೆಳಕು ದಾಟುತ್ತದೆ. ಗುವಾರ್ನಾಚ್ಚಿ ಮ್ಯೂಸಿಯಂನಲ್ಲಿ ಆರುನೂರಕ್ಕೂ ಹೆಚ್ಚು ಎಟ್ರುಸ್ಕನ್ ಅಸ್ಥಿಪೆಟ್ಟಿಗೆಗಳಿವೆ. ಒಳ್ಳೊಳ್ಳೆಯವು ಇದೇ ಕಲ್ಲಿನವು. ಮುಚ್ಚಳದ ಮೇಲೆ ಸತ್ತವರ ಮೂರ್ತಿ, ಮೊಣಕೈ ಊರಿ ಔತಣಕ್ಕೆ ಒರಗಿದ ಹಾಗೆ. ಮ್ಯೂಸಿಯಂನಿಂದ ಹೊರಬಂದು ಸಂದಿಗೆ ತಿರುಗಿದರೆ ಅದೇ ಕಲ್ಲನ್ನು ಇವತ್ತಿಗೂ ಕೆತ್ತುವ ಕೋಣೆಗಳು. ಬಾಗಿಲು, ಕಿಟಕಿ, ಕೆಲಸಗಾರನ ಹುಬ್ಬು, ಎಲ್ಲದರ ಮೇಲೂ ಬಿಳಿ ಪುಡಿ. ನಡುವೆ ಕೆಲವು ಶತಮಾನ ಈ ಕೆಲಸ ಮಸುಕಾಗಿತ್ತು, ನಿಜ. ಆದರೂ ಒಂದೇ ಗುಡ್ಡದ ಕಲ್ಲು, ಒಂದೇ ಊರಿನ ಕೈ. ಅಂಗಡಿಯಲ್ಲಿ ಕೊಳ್ಳುವಾಗ ಇಲ್ಲಿಯೇ ಕೆತ್ತಿದ್ದಾ ಅಂತ ಕೇಳಿ ಕೊಳ್ಳಿ. ಜಾಸ್ತಿ ದುಡ್ಡಾದರೂ ಪರವಾಗಿಲ್ಲ, ಆ ಕೈಗಳಿಗೆ ಹೋಗಲಿ.

ಇದೇ ನೆಲ ಊರನ್ನು ಹಾಳೂ ಮಾಡಿದೆ. 1470ರ ಸುಮಾರಿಗೆ ಇಲ್ಲಿ ಪಟಿಕದ ಗಣಿ ಸಿಕ್ಕಿತು. ಬಟ್ಟೆಗೆ ಬಣ್ಣ ಹಿಡಿಯಲು ಪಟಿಕ ಬೇಕೇಬೇಕು, ಫ್ಲಾರೆನ್ಸ್ ಬದುಕುತ್ತಿದ್ದುದೇ ಬಟ್ಟೆಯಿಂದ. ಗಣಿ ಯಾರದು ಅನ್ನುವ ಜಗಳ ಯುದ್ಧವಾಯಿತು. 1472ರಲ್ಲಿ ಫ್ಲಾರೆನ್ಸ್‌ನ ಆಡಳಿತ ಕೈಯಲ್ಲಿಟ್ಟುಕೊಂಡಿದ್ದ ಲೊರೆಂಜೊ ಮೆದಿಚಿ ಕಳಿಸಿದ ಸೈನ್ಯ, ಊರು ಶರಣಾದ ಮೇಲೂ, ಅದನ್ನು ಲೂಟಿ ಮಾಡಿತು. ಆಮೇಲೆ ಊರಿನ ನೆತ್ತಿಯ ಮೇಲೆ ದೊಡ್ಡ ಕೋಟೆ ಎದ್ದಿತು. ಅದು ಈಗ ಜೈಲು. 1988ರಿಂದ ಅರ್ಮಾಂದೊ ಪುಂಜೊ ಅನ್ನುವ ನಿರ್ದೇಶಕರು ಒಳಗಿರುವ ಕೈದಿಗಳ ಜೊತೆ ನಾಟಕ ಕಟ್ಟುತ್ತಿದ್ದಾರೆ, ಹೊರಗಿನ ಜನ ಒಳಗೆ ಹೋಗಿ ನೋಡುತ್ತಾರೆ. ಲೂಟಿಯ ನೆನಪಿನ ಕಟ್ಟಡದಲ್ಲಿ ಮೂರೂವರೆ ದಶಕ ದಾಟಿದ ರಂಗಭೂಮಿ! ಫ್ಲಾರೆನ್ಸ್‌ನಲ್ಲಿ ಲೊರೆಂಜೊನ ಗುಣಗಾನ ಕೇಳಿ ಬಂದವರು ಇದನ್ನೂ ಒಂದು ಸಲ ತಿಳಿದುಕೊಳ್ಳಬೇಕು ಅನ್ನುವುದು ನನ್ನ ಆಸೆ.

ಒಂದು ಮಧ್ಯಾಹ್ನ ಪಶ್ಚಿಮದ ಕಡೆ ನಡೆದು ಬಾಲ್ಜೆ ನೋಡಿ. ದಯವಿಟ್ಟು ಕಾರಲ್ಲಿ ಹೋಗಬೇಡಿ, ನಡೆದೇ ಹೋಗಿ. ಮನೆಗಳು ಕಮ್ಮಿಯಾಗುತ್ತಾ ಹೋಗಿ, ಎಟ್ರುಸ್ಕನ್ ಗೋಡೆಯ ತುಂಡು ಸಿಕ್ಕಿ, ಆಮೇಲೆ ಇದ್ದಕ್ಕಿದ್ದಂತೆ ನೆಲವೇ ಮುಗಿದು ಆಳವಾದ ಪ್ರಪಾತ ಬರುತ್ತದೆ. ಮೇಲೆ ಮರಳಿನ ಪದರ, ಕೆಳಗೆ ಜೇಡಿ. ಮಳೆನೀರು ಮರಳಿನಲ್ಲಿ ಇಳಿದು ಜೇಡಿಯನ್ನು ಕೊರೆಯುತ್ತದೆ, ಮೇಲಿನದು ಕುಸಿಯುತ್ತದೆ. ಹೀಗೆ ಎಟ್ರುಸ್ಕನ್ ಸಮಾಧಿಗಳು ಹೋದವು, ಗೋಡೆ ಹೋಯಿತು, ಹಳೆಯ ಸಾನ್ ಜುಸ್ತೊ ಚರ್ಚ್ ಹೋಯಿತು. ಅಂಚಿನಲ್ಲಿ ಒಂದು ಹಳೇ ಮಠ ನಿಂತಿದೆ. 1846ರ ಭೂಕಂಪಕ್ಕೆ ಜಖಂ ಆಗಿ, ಕುಸಿತದ ಭಯವೂ ಸೇರಿ, 1861ರಲ್ಲಿ ಸನ್ಯಾಸಿಗಳು ಬಿಟ್ಟುಹೋದರು. ಇದು ಹಳೇ ಕಥೆ ಅಂದುಕೊಳ್ಳಬೇಡಿ. ಊರಿನ ಇನ್ನೊಂದು ಕಡೆ, 2014ರ ಚಳಿಗಾಲದ ಮಳೆಗೆ ಮಧ್ಯಕಾಲದ ಕೋಟೆಗೋಡೆಯ ಒಂದು ಭಾಗ ಕುಸಿದು ಬಿತ್ತು. ಅದನ್ನು ಮತ್ತೆ ಕಟ್ಟಿದ್ದಾರೆ. ನಾವು ಕೊಡುವ ಮ್ಯೂಸಿಯಂ ಟಿಕೆಟ್, ರೂಮಿನ ಬಾಡಿಗೆ ಎಲ್ಲ ಇಂಥ ಊರಿನ ಬದುಕಿಗೆ ಸೇರುತ್ತದೆ. ಬೆಳಗ್ಗೆ ಬಂದು ಸಂಜೆ ಹೋಗುವವರಿಂದ ಊರಿಗೆ ಉಳಿಯುವುದು ಕಡಿಮೆ. ಉಳಿಯಿರಿ ಅಂತ ಒತ್ತಿ ಹೇಳುವುದು ಅದಕ್ಕೇ.

ಊಟದ ವಿಷಯ ಸಸ್ಯಾಹಾರಿಗಳಿಗೆ ಹೇಳಲೇಬೇಕು. ಇಟಲಿಯ ಬಹಳಷ್ಟು ಹಳೇ ಚೀಸ್‌ಗಳಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ಪರ್ಮೆಸಾನ್‌ಗೂ ಅದೇ. ಇಲ್ಲಿನ ಪೆಕೊರಿನೊ ದೆಲ್ಲೆ ಬಾಲ್ಜೆ ವೊಲ್ಟೆರ್ರಾನೆ ಕುರಿಹಾಲಿನದು, ಅದಕ್ಕೆ ಹಾಕುವುದು ಮುಳ್ಳುಗಿಡವೊಂದರ ಹೂವಿನ ರಸ. ಹಾಗಾಗಿ ಧೈರ್ಯವಾಗಿ ತಿನ್ನಬಹುದು, ಹೆಸರು ನೋಡಿ ಕೊಳ್ಳಿ. ಗೇಣಿದಾರರು ಹೊಲ ಬಿಟ್ಟು ಪಟ್ಟಣಗಳಿಗೆ ಹೋದ 1950–60ರ ದಶಕಗಳಲ್ಲಿ ಸಾರ್ಡೀನಿಯಾದ ಕುರುಬರು ಬಂದು ಈ ಗುಡ್ಡಗಳಲ್ಲಿ ನೆಲೆ ನಿಂತರು, ಇವತ್ತಿಗೂ ಇಲ್ಲಿ ಕುರಿ ಸಾಕುವವರಲ್ಲಿ ಅವರ ಮನೆತನಗಳಿವೆ. ರಿಬೊಲ್ಲಿತಾ ಅಂತ ಬ್ರೆಡ್, ಹುರುಳಿಕಾಯಿ ಜಾತಿಯ ಬಿಳಿ ಬೀಜ, ಕಪ್ಪು ಕೋಸು ಹಾಕಿ ಮಾಡುವ ಗಟ್ಟಿ ಸೂಪ್ ಸಿಗುತ್ತದೆ. ಮಾಂಸದ ಸಾರು ಹಾಕಿದ್ದಾರಾ ಅಂತ ಕೇಳಿಕೊಳ್ಳಿ. ಬ್ರೆಡ್‌ನಲ್ಲಿ ಉಪ್ಪಿರುವುದಿಲ್ಲ, ಟಸ್ಕನಿಯ ಪದ್ಧತಿ. ಕೆಳಗಿನ ಸಾಲಿನೆಯಲ್ಲಿ ಮಾತ್ರ ನೆಲದಡಿಯ ಉಪ್ಪಿನ ಪದರಕ್ಕೆ ನೀರು ಬಿಟ್ಟು, ಕರಗಿದ್ದನ್ನು ಮೇಲೆತ್ತಿ, ಆವಿ ಮಾಡಿ ಬೆಳ್ಳಗಿನ ಉಪ್ಪು ತೆಗೆಯುತ್ತಾರೆ. ಊರಿನ ಅಂಗಡಿಯಲ್ಲಿ ಸಿಗುತ್ತದೆ. ಒಂದು ಪೊಟ್ಟಣ ಕೊಂಡು, ಬ್ರೆಡ್ಡಿಗೆ ಎಣ್ಣೆ ಸವರಿ, ಮೇಲೆ ಉದುರಿಸಿಕೊಂಡು ತಿನ್ನಿ. ಜೊತೆಗೆ ಆ ಪೆಕೊರಿನೊ ಇದ್ದರೆ ರಾತ್ರಿ ಊಟಕ್ಕೆ ಬೇರೇನೂ ಬೇಡ.