ಬಟ್ಟೆ ತೊಟ್ಟರೆ ಪೇಟೆ ಬೀಳುತ್ತದೆ

ಬಾಗಿಲಿಗೆ ಬಂದವರಿಗೆ ನಾವು ನೀರು, ಬೆಲ್ಲ ಕೊಡುತ್ತೇವೆ. ಫೆರೆಂಗಿನಾರ್ ಗ್ರಹದಲ್ಲಿ ಬಾಗಿಲ ಪಕ್ಕದ ಡಬ್ಬಿಯನ್ನು ತೋರಿಸುತ್ತಾರೆ. ಪ್ರವೇಶ ಶುಲ್ಕ ಹಾಕಿ, ಕರಾರುಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ಆಮೇಲೆ ಒಳಗೆ ಬನ್ನಿ! ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ಧಾರಾವಾಹಿಯ ಈ ಮೊರಗಿವಿಯ ಜನಕ್ಕೆ ಲಾಭವೇ ದೇವರು, ಗಳಿಕೆಯ 285 ಸೂತ್ರಗಳೇ ಶಾಸ್ತ್ರ. ಚಿನ್ನಕ್ಕೆ ಅಲ್ಲಿ ಕವಡೆ ಕಿಮ್ಮತ್ತಿಲ್ಲ; ಹಣವಾಗಿ ಚಲಾವಣೆಯಾಗುವ ಲಾಟಿನಂ ಎಂಬ ದ್ರವವನ್ನು ತುಂಬಿಡುವುದಕ್ಕೆ ಅದೊಂದು ಡಬ್ಬ, ಅಷ್ಟೇ. (ಈ ಮಾತನ್ನು ದಯವಿಟ್ಟು ಮದುವೆ ಮನೆಯಲ್ಲಿ ಆಡಬೇಡಿ.)

ಇಂಥ ಪಳಗಿದ ವ್ಯಾಪಾರಿಗಳ ಅರ್ಥವ್ಯವಸ್ಥೆ 1998ರ ಒಂದು ಕಂತಿನಲ್ಲಿ ಮಕಾಡೆ ಮಲಗಿತು. ಶತ್ರುಗಳು ದಾಳಿ ಮಾಡಿರಲಿಲ್ಲ. ಬರವಂತೂ ಬರುವ ಹಾಗೆಯೇ ಇಲ್ಲ, ಆ ಗ್ರಹದಲ್ಲಿ ಸದಾ ಮಳೆ. ಆದದ್ದಿಷ್ಟೇ: ಹೆಂಗಸರು ಬಟ್ಟೆ ತೊಡಬಹುದು ಎಂದು ‘ಗ್ರ್ಯಾಂಡ್ ನೇಗಸ್’ ಎಂಬ ದೊರೆಪಟ್ಟದಲ್ಲಿದ್ದ ಜೆಕ್ ಕಾನೂನು ತಿದ್ದಿದ. ಜನ ಕಂಗಾಲಾದರು, ಪೇಟೆ ಕುಸಿಯಿತು, ಜೆಕ್ ಕುರ್ಚಿ ಕಳೆದುಕೊಂಡ. ಲೆಕ್ಕ ತನಿಖೆಯ ನೆಪದಲ್ಲಿ ಊರವರ ಜೀವ ಹಿಂಡುತ್ತಿದ್ದ ಬ್ರಂಟ್ ಆ ಕುರ್ಚಿಯಲ್ಲಿ ಹಂಗಾಮಿಯಾಗಿ ಕೂತ.

ಇದಕ್ಕೆ ಹಿಂದಿನ ಕಥೆ ಇನ್ನೂ ಸೊಗಸಾಗಿದೆ. ಜೆಕ್‌ಗೆ ಮರೆವು ಹತ್ತಿದ ಮೇಲೆ ಅವನಿಗೆ ವ್ಯವಹಾರವನ್ನು ಹೇಳಿಕೊಡುತ್ತಿದ್ದವಳು ಇಷ್ಕಾ ಎಂಬ ಹೆಂಗಸು. ಹೆಣ್ಣು ದುಡಿದರೆ ಅಪರಾಧ ಎನ್ನುವ ನಾಡಿನಲ್ಲಿ ಕದ್ದುಮುಚ್ಚಿ ಸಂಪಾದಿಸಿದ ಗಟ್ಟಿಗಿತ್ತಿ. ಅವಳ ತಲೆಯಿಂದ ಪೇಟೆ ನಡೆಯುತ್ತಿದ್ದಷ್ಟು ಕಾಲ ಯಾವ ಹೂಡಿಕೆದಾರನ ನಿದ್ದೆಯೂ ಕೆಡಲಿಲ್ಲ. ಅವಳ ಮೈಗೆ ಕಾನೂನುಬದ್ಧವಾಗಿ ಒಂದು ಅಂಗಿ ಬಂದದ್ದೇ ತಡ, ಪೇಟೆಗೆ ಚಳಿಜ್ವರ!

ಜ್ವರಕ್ಕೆ ಸಿಕ್ಕ ಮದ್ದು ಜೇಬು. ಬಟ್ಟೆಯಿದ್ದರೆ ಜೇಬಿರುತ್ತದೆ, ಜೇಬಿದ್ದರೆ ತುಂಬಬೇಕು, ತುಂಬಬೇಕಾದರೆ ದುಡಿಯಬೇಕು, ದುಡಿದವಳು ಖರ್ಚನ್ನೂ ಮಾಡುತ್ತಾಳೆ. ಒಂದನೆಯ ತರಗತಿಯ ಈ ಲೆಕ್ಕ 285 ಸೂತ್ರಗಳನ್ನು ಬಾಯಿಪಾಠ ಮಾಡಿದವರಿಗೆ ಹೊಳೆದಿರಲಿಲ್ಲ. ಜೆಕ್‌ಗೆ ಕುರ್ಚಿ ಮರಳಿಸಲು ನೆರವಾಗಬಲ್ಲ ಪ್ರಭಾವಿ, ಸ್ಲಗ್-ಓ-ಕೋಲಾ ಕಂಪನಿಯ ಯಜಮಾನ ನಿಲ್ವಾನಿಗೆ ಇದನ್ನು ಒಪ್ಪಿಸುವ ಹೊತ್ತಿಗೆ ಇಷ್ಕಾ ಹೃದಯಾಘಾತದಿಂದ ಮಲಗಿದ್ದಳು. ಹೆಣ್ಣಿಗೂ ವ್ಯಾಪಾರದ ಬುದ್ಧಿಯಿದೆ ಎಂದು ಸಾಬೀತುಪಡಿಸಲು ಕೊನೆಗೆ ಒದಗಿದ್ದು ಅವಳ ಮಗ, ಹೆಂಡದಂಗಡಿಯ ಕ್ವಾರ್ಕ್. ಅದೂ ಹೆಣ್ಣುವೇಷದಲ್ಲಿ.

ನಿಲ್ವಾ ಒಪ್ಪಿದ. ಹಲ್ಲನ್ನು ಹಸಿರಾಗಿಡುವ ಅವನ ಲೋಳೆ ಪಾನೀಯಕ್ಕೆ ಗಿರಾಕಿಗಳು ಒಂದೇ ಏಟಿಗೆ ಇಮ್ಮಡಿಯಾಗುವುದಾದರೆ, ಹೆಂಗಸರು ಬೇಕಾದರೆ ಎರಡೆರಡು ಅಂಗಿ ತೊಡಲಿ.