ಒಂದು ಚದರ ಆಕಾಶ

ನೆಂಟರ ಮನೆ ಗೃಹಪ್ರವೇಶಕ್ಕೆ ಹೋಗಿ ಈಗಷ್ಟೇ ಬಂದು ಕೂತಿದ್ದೇನೆ. ಸೀರೆ ಕೂಡ ಬದಲಾಯಿಸಿಲ್ಲ. ಊಟ ಚೆನ್ನಾಗಿತ್ತು, ಹೋಳಿಗೆ ಎರಡು ಸಲ ಹಾಕಿಸಿಕೊಂಡೆ, ಆದರೂ ತಲೆ ಕೆಟ್ಟಿದೆ. ಇಲ್ಲಿ ಬರೆದು ಹಾಕದಿದ್ದರೆ ಇವರ ಮೇಲೆ ರೇಗುತ್ತೇನೆ.

20×30 ಸೈಟು. ಮೂರು ಅಂತಸ್ತು, ಮೂರು ಬೆಡ್‌ರೂಂ, ನಾಲ್ಕು ಬಾತ್‌ರೂಂ. ಹೊರಗೆ ರಣ ಬಿಸಿಲು, ಒಳಗೆ ಎಲ್ಲ ರೂಮಿನಲ್ಲೂ ಲೈಟು. ಬೆಳಿಗ್ಗೆ ಹನ್ನೊಂದು ಗಂಟೆಗೆ! ಒಂದು ಕಿಟಕಿ ತೆಗೆದು ನೋಡಿದೆ. ಕೈ ಚಾಚಿದರೆ ಪಕ್ಕದ ಮನೆ ಗೋಡೆ, ಆ ಗೋಡೆ ಮೇಲೆ ಅವರ ಬಾತ್‌ರೂಮಿನ ಪೈಪು. ಹೋಮದ ಹೊಗೆಗೆ ಹೋಗುವ ದಾರಿಯೇ ಇಲ್ಲ. ಪಾಪ, ಪುರೋಹಿತರು ಮಂತ್ರ ಹೇಳಿದ್ದಕ್ಕಿಂತ ಕೆಮ್ಮಿದ್ದೇ ಜಾಸ್ತಿ. ಬಂದವರೆಲ್ಲ ಮಾತ್ರ "ಇಷ್ಟು ಚಿಕ್ಕ ಸೈಟಲ್ಲಿ ಮೂರು ಬೆಡ್‌ರೂಂ ಕೂರಿಸಿದಾರೆ ನೋಡಿ!" ಅಂತ ಹೊಗಳಿದ್ದೇ ಹೊಗಳಿದ್ದು.

ಅವರ ಮನೆ, ಅವರ ದುಡ್ಡು. ಬಾಯಿ ಮುಚ್ಚಿಕೊಂಡೇ ಇದ್ದೆ. ಎಲೆ ಮುಂದೆ ಕೂತಾಗ ಪಕ್ಕದಲ್ಲಿದ್ದ ದೊಡ್ಡಮ್ಮನ ಸೊಸೆ ಶುರು ಮಾಡಿದಳು. "ಅಕ್ಕಾ, ಇದ್ದ ಬೆಡ್‌ರೂಮನ್ನೂ ಒಡೆಸಿಬಿಟ್ರಂತೆ? ಯಾಕೆ, ಏನಾದ್ರೂ ದೋಷ ಇತ್ತಾ?"

ಇತ್ತು ಕಣಮ್ಮ. ಕತ್ತಲೆ ದೋಷ.

ಬೆಂಗಳೂರಿನ ಹನುಮಂತನಗರದ ನಮ್ಮ ಮನೆ ನಿಮ್ಮಲ್ಲಿ ಸುಮಾರು ಜನ ನೋಡಿದ್ದೀರಿ. ಮಾವನವರ ಕಾಲದ್ದು, 20×40 ಸೈಟು, ಕಲ್ಲು ಚಪ್ಪಡಿ ತಾರಸಿ, ಕೆಂಪು ನೆಲ. ಮುಂದೆ ಹಾಲು, ಹಿಂದೆ ಅಡುಗೆಮನೆ ಮತ್ತು ಒಂದು ರೂಂ, ನಡುವೆ ಇನ್ನೊಂದು ರೂಂ. ಆ ನಡುವಿನ ರೂಮಿಗೆ ಒಂದು ಕಾಲದಲ್ಲಿ ಕಿಟಕಿ ಇತ್ತಂತೆ. ಪಕ್ಕದವರು ಒಂದಿಂಚೂ ಬಿಡದೆ ಗೋಡೆ ಎಬ್ಬಿಸಿದ ಮೇಲೆ ಅದನ್ನು ಮುಚ್ಚಿಸಿದರು. ಅಲ್ಲಿಂದ ಅದು ಹೆಸರಿಗೆ ಬೆಡ್‌ರೂಂ. ಒಳಗಿದ್ದದ್ದು ಏನು? ಕೆಟ್ಟ ಗ್ರೈಂಡರು, ಸೂಟ್‌ಕೇಸುಗಳು, ಇಸ್ತ್ರಿಗೆ ಹೋಗಬೇಕಾದ ಬಟ್ಟೆ, ಅಕ್ಕಿ ಮೂಟೆ, ಯಾವುದೋ ಮದುವೆಯಲ್ಲಿ ಕೊಟ್ಟ, ಇನ್ನೂ ಡಬ್ಬಿಯಿಂದ ಹೊರಗೆ ಬರದ ಗೋಡೆ ಗಡಿಯಾರಗಳು. ಕೊನೆಕೊನೆಗೆ ಅಲ್ಲಿ ಯಾರೂ ಮಲಗುತ್ತಿರಲಿಲ್ಲ. ನೆಂಟರು ಬಂದರೆ ಅವರೂ ಹಾಲಿನಲ್ಲೇ ಹಾಸಿಗೆ ಹಾಕಿ ಅನ್ನುತ್ತಿದ್ದರು.

ಆ ರೂಮಿನ ತಾರಸಿಯನ್ನೇ ತೆಗೆಸಿದೆವು. ಈಗ ಅದು ಅಂಗಳ. ಅಳತೆ ಹಾಕಿದರೆ ಹೆಚ್ಚುಕಡಿಮೆ ಒಂದು ಚದರ, ಅಂದರೆ 100 ಚದರ ಅಡಿ. ಮೇಲೆ ಗ್ರಿಲ್, ಗ್ರಿಲ್ ಮೇಲೆ ಆಕಾಶ. ಇಷ್ಟಕ್ಕೇ ನನ್ನನ್ನು ತಲೆಕೆಟ್ಟವಳ ಥರ ನೋಡುತ್ತಾರೆ.

ನನಗೆ ಅರ್ಥವಾಗದೇ ಇರೋದು ಇದು. ಮನೆ ಅಂದ ತಕ್ಷಣ "ಎಷ್ಟು ಬೆಡ್‌ರೂಂ?" ಅಂತಲೇ ಯಾಕೆ ಕೇಳುತ್ತಾರೆ? ಹಗಲು ಲೈಟಿಲ್ಲದೆ ಎಷ್ಟು ರೂಮಿನಲ್ಲಿ ಪೇಪರ್ ಓದಬಹುದು ಅಂತ ಒಬ್ಬರಾದರೂ ಕೇಳಿದ್ದಾರಾ? ಕಿಟಕಿ ತೆಗೆದರೆ ಗಾಳಿ ಬರುತ್ತಾ ಅಂತ? ಬಾಗಿಲು, ಮಂಚ, ವಾರ್ಡ್‌ರೋಬು ಇದ್ದರೆ ಮುಗಿಯಿತು, ಲೆಕ್ಕಕ್ಕೆ ಒಂದು ರೂಂ.

ನಗು ಬರೋದು ಯಾವುದಕ್ಕೆ ಗೊತ್ತಾ? ಇದೇ ಜನ ರಜೆ ಬಂದರೆ ದುಡ್ಡು ಕೊಟ್ಟು ಹೋಂಸ್ಟೇಗೆ ಹೋಗಿ, ನಡುವೆ ಬಯಲು ಬಿಟ್ಟ ತೊಟ್ಟಿಮನೆಯ ಕಂಬಕ್ಕೆ ಒರಗಿ ಫೋಟೋ ಹಾಕುತ್ತಾರೆ. "ಹಳೇ ಕಾಲದವರ ಬುದ್ಧಿವಂತಿಕೆ ನೋಡಿ" ಅಂತ ಅಡಿಬರಹ ಬೇರೆ. ವಾಪಸ್ ಬಂದು ತಮ್ಮ ಮನೆಯ ಹಿತ್ತಲಿಗೆ ಶೀಟ್ ಹಾಕಿಸುತ್ತಾರೆ. ವಾಸ್ತುವಿನವರದ್ದು ಇನ್ನೂ ಮಜಾ. ನಡುಮನೆ ಬ್ರಹ್ಮಸ್ಥಾನ, ಅದು ಖಾಲಿ ಇರಬೇಕು ಅಂತ ಹೇಳುವವರೂ ಅವರೇ. ನಾವು ಖಾಲಿ ಮಾಡಿಸಿದ ಮೇಲೆ ಬಂದು ನೋಡಿ "ಅದೇನೋ ಸರಿ, ಆದರೆ ಸಂಪು ಇರೋ ಜಾಗ..." ಅಂತ ರಾಗ ಎಳೆದರು. ಕಾಫಿ ಕೊಟ್ಟು ಕಳಿಸಿದೆ.

ಬಸವನಗುಡಿ, ಮಲ್ಲೇಶ್ವರ ಹೇಗೆ ಬೆಳೆದವು ನೆನಪಿದೆಯಾ? 1898ರಲ್ಲಿ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಲ್ಲಿ ಜನ ಸಾಯುತ್ತಿದ್ದರು. ಗಾಳಿ ಬೆಳಕು ಬೇಕು ಅಂತ ಅಗಲ ರಸ್ತೆ ಬಿಟ್ಟು, ಮನೆ ಸುತ್ತ ಜಾಗ ಬಿಟ್ಟು ಹೊಸ ಬಡಾವಣೆಗಳನ್ನು ಬೆಳೆಸಿದರು. ಈಗ ಅದೇ ಬಡಾವಣೆಗಳಲ್ಲಿ ಸೈಟಿನ ಮೂಲೆಮೂಲೆಗೂ ಗೋಡೆ ಎಬ್ಬಿಸಿ ಮತ್ತೆ ಪೇಟೆ ಮಾಡುತ್ತಿದ್ದೇವೆ. ಸೆಟ್‌ಬ್ಯಾಕ್, ಅಂದರೆ ಮನೆ ಸುತ್ತ ಬಿಡಬೇಕಾದ ಜಾಗ, ಪ್ಲಾನಿನ ಹಾಳೆಯಲ್ಲಿ ಮಾತ್ರ ಉಳಿದಿದೆ.

ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ: "ತಾರಸಿ ಇತ್ತಲ್ಲ, ಆಕಾಶ ಬೇಕಿದ್ರೆ ಮೇಲೆ ಹೋಗಬಹುದಿತ್ತಲ್ಲ?" ಹೋಗಬಹುದಿತ್ತು, ಮಂಡಿ ಇದ್ದವರು. ನಮ್ಮತ್ತೆ ಮೆಟ್ಟಿಲು ಹತ್ತೋದು ಬಿಟ್ಟು ಎಷ್ಟೋ ಕಾಲ ಆಯಿತು. ತಾರಸಿಯ ಮೇಲೆ ನೀರಿನ ಟ್ಯಾಂಕು, ಸೋಲಾರು, ಬಟ್ಟೆ ತಂತಿ, ಸುತ್ತಲೂ ಮೂರನೇ ಮಹಡಿಯ ಬಾಲ್ಕನಿಗಳಿಂದ ಇಣುಕುವ ಕಣ್ಣುಗಳು. ಅಲ್ಲಿ ಕಾಲು ಚಾಚಿ ಕೂತು ಸೊಪ್ಪು ಬಿಡಿಸೋಕೆ ಆಗುತ್ತಾ? ಮೇಲೆ ಎಷ್ಟು ಗಾಳಿ ಬೀಸಿದರೂ ಕೆಳಗಿನ ಅಡುಗೆಮನೆಯ ಒಗ್ಗರಣೆ ಘಾಟು ಹಾಗೇ ಇರುತ್ತಿತ್ತು. ಈಗ ಒಳಗಿನ ಬಿಸಿಗಾಳಿ ಅಂಗಳದಿಂದ ಮೇಲಕ್ಕೆ ಹೋಗುತ್ತೆ, ಮುಂದಿನ ಕಿಟಕಿಯಿಂದ ತಂಪು ಗಾಳಿ ಎಳೆದುಕೊಳ್ಳುತ್ತೆ. ಇದಕ್ಕೆ ಕರೆಂಟು ಬೇಡ.

ಮಾರುವಾಗ ರೇಟು ಬೀಳುತ್ತೆ ಅನ್ನುವವರಿಗೆ ಒಂದೇ ಉತ್ತರ. ನಾವು ಮಾರುತ್ತಿಲ್ಲ. ಐದಾರು ಜನ ಇರುವ ಮನೆಯಲ್ಲಿ ಇದು ಆಗಲ್ಲ ಅನ್ನೋದನ್ನು ಒಪ್ಪುತ್ತೇನೆ. ಅದೂ ಅರ್ಧ ಮನಸ್ಸಿನಿಂದ. ಐದಾರು ಜನ ಇರುವ ಮನೆಯಲ್ಲೂ ಒಂದು ಕತ್ತಲೆ ಗೂಡು ಸಾಮಾನು ತುಂಬಿಕೊಂಡೇ ಇರುತ್ತೆ. ಹೋಗಿ ನೋಡಿ.

ಮಳೆ ವಿಷಯಕ್ಕೆ ಬರೋಣ. ಇದಕ್ಕೆ ಮಾತ್ರ ತಲೆ ಓಡಿಸಬೇಕು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಒಂದು ಚದರ ಜಾಗಕ್ಕೆ ಅದು 9,000 ಲೀಟರ್ ಆಗುತ್ತೆ, ಅಷ್ಟೂ ಮನೆ ನಡುವೆ. ಒಂದೇ ಗಂಟೆಯಲ್ಲಿ 50 ಮಿಲಿಮೀಟರ್ ಹೊಡೆದರೆ 450 ಲೀಟರಿಗೂ ಜಾಸ್ತಿ. ಮೇಸ್ತ್ರಿ ಎರಡಿಂಚಿನ ಪೈಪು ಸಾಕು ಅಂದರು. ನಾನು ನಾಲ್ಕಿಂಚಿನದ್ದೇ ಬೇಕು, ಒಂದು ಕಟ್ಟಿಕೊಂಡರೆ ಇನ್ನೊಂದು ಇರಲಿ ಅಂತ ಎರಡು ಹಾಕಿಸಿದೆ. ಅಂಗಳದ ನೆಲ ಹಾಲಿಗಿಂತ ಆರಿಂಚು ಕೆಳಗೆ. ವಾಟ ಸರಿಯಾಗಿದೆಯಾ ಅಂತ ಬಕೆಟ್ ನೀರು ಸುರಿದು ನೋಡಿದ ಮೇಲೇ ಕಲ್ಲು ಹಾಸೋಕೆ ಬಿಟ್ಟಿದ್ದು. ಇನ್ನೊಂದು ವಿಷಯ, ಒಳಗೋಡೆ ಈಗ ಹೊರಗೋಡೆ ಆಗುತ್ತೆ ಅನ್ನೋದು ಯಾರಿಗೂ ಹೊಳೆಯಲ್ಲ. ನಮ್ಮದು ಮಣ್ಣಿನ ಗಾರೆಯ ಗೋಡೆ. ಹಾಗೇ ಬಿಟ್ಟಿದ್ದರೆ ಒಂದೇ ಮಳೆಗಾಲಕ್ಕೆ ಉದುರುತ್ತಿತ್ತು. ಸಿಮೆಂಟ್ ಪ್ಲಾಸ್ಟರಿಂಗು, ಹೊರಗೋಡೆಯ ಪೇಂಟು, ಪ್ಲೈವುಡ್ ಬಾಗಿಲ ಬದಲು ಗಟ್ಟಿ ಮರದ ಬಾಗಿಲು, ಸೊಳ್ಳೆ ಜಾಲರಿ. ಖರ್ಚು ಅಲ್ಲೇ ಆಗಿದ್ದು.

ತಾರಸಿ ತೆಗೆದದ್ದು ಸುಲಭವಾಗಿತ್ತು. ಚಪ್ಪಡಿಗಳು ಗೋಡೆಯಿಂದ ಗೋಡೆಗೆ ಬಿಡಿಬಿಡಿಯಾಗಿ ಕೂತಿರುತ್ತವೆ. ಒಂದೊಂದನ್ನೇ ಎತ್ತಿದರೆ ಪಕ್ಕದ ರೂಮಿನ ಚಪ್ಪಡಿಗೆ ಏನೂ ಆಗಲ್ಲ. ಆರ್‌ಸಿಸಿ, ಅಂದರೆ ಕಂಬಿ ಕಟ್ಟಿದ ಕಾಂಕ್ರೀಟ್ ತಾರಸಿ ಆದರೆ ಹಾಗಲ್ಲ, ಕಂಬಿ ಒಂದು ರೂಮಿನಿಂದ ಇನ್ನೊಂದಕ್ಕೆ ಓಡಿರುತ್ತೆ. ಇಂಜಿನಿಯರ್ ನೋಡದೆ ಕೈ ಹಾಕಬೇಡಿ. ನಮ್ಮದಕ್ಕೂ ತೋರಿಸಿಯೇ ಮುಟ್ಟಿದ್ದು. ಮೇಸ್ತ್ರಿಗೆ ಮಾತ್ರ ಕೊನೆವರೆಗೂ ಸಂಕಟ. "ಮೇಡಂ, ಎಲ್ಲಾರೂ ರೂಂ ಏಳ್ಸೋಕೆ ಕರೀತಾರೆ, ನೀವು ಕೆಡವೋಕೆ ಕರ್ದಿದ್ದೀರ" ಅಂತ ದಿನಾ ಒಂದು ಸಲ ಹೇಳುತ್ತಿದ್ದರು.

ಇಷ್ಟು ಬರೆದ ಮೇಲೆ ಒಂದು ಮಾತು ಹೇಳಿಬಿಡುತ್ತೇನೆ. ಗಾಳಿ, ಬೆಳಕು, ಅತ್ತೆಯ ಮಂಡಿ ಎಲ್ಲ ನಿಜ. ಆದರೆ ಮದುವೆಯಾಗಿ ಬಂದಾಗ ಆ ನಡುವಿನ ರೂಮನ್ನೇ ನಮಗೆ ಕೊಟ್ಟಿದ್ದರು. ಕಿಟಕಿ ಇಲ್ಲ, ಕಿರ್ರೋ ಅನ್ನುವ ಫ್ಯಾನು, ಬೆಳಗಾಯಿತಾ ಇಲ್ಲವಾ ಅನ್ನೋದು ಪಾತ್ರೆ ಸದ್ದಿನಿಂದ ಗೊತ್ತಾಗಬೇಕು. ಹಳ್ಳಿಯಲ್ಲಿ ಜಗಲಿ ಮೇಲೆ ಮಲಗಿ ಬೆಳೆದವಳು ನಾನು. ಅಲ್ಲಿ ಎಷ್ಟು ರಾತ್ರಿ ದಿಂಬಿಗೆ ಬಾಯಿ ಒತ್ತಿಕೊಂಡು ಅತ್ತಿದ್ದೇನೋ ಲೆಕ್ಕ ಇಲ್ಲ. ಮೊದಲನೇ ಚಪ್ಪಡಿ ಎತ್ತಿ ಬಿಸಿಲು ಬಿದ್ದಾಗ ಖುಷಿ ಆಯಿತು ಅಂದರೆ ಸುಳ್ಳಾಗುತ್ತೆ. ಸೇಡು ತೀರಿಸಿಕೊಂಡ ಹಾಗಿತ್ತು. ಇವರಿಗೆ ಇದುವರೆಗೆ ಹೇಳಿಲ್ಲ. ಈಗ ಇಲ್ಲೇ ಓದುತ್ತಾರೆ, ಓದಲಿ.

ತಾರಸಿ ತೆಗೆಸಲು ಜಾಸ್ತಿ ವಿರೋಧ ಮಾಡಿದ್ದು ಅತ್ತೆಯೇ. "ಮಾವ ಕಟ್ಟಿಸಿದ ರೂಂ" ಅಂತ ಕೆಲವು ದಿನ ಮಾತು ಬಿಟ್ಟಿದ್ದರು. ಈಗ ಆ ಅಂಗಳ ಅವರದ್ದು. ಬಿಸಿಲು ಎಲ್ಲಿ ಬೀಳುತ್ತೋ ಅಲ್ಲಿಗೆ ಕುರ್ಚಿ ಎಳೆಸಿಕೊಳ್ಳುತ್ತಾರೆ. ಡಿಸೆಂಬರಿನಲ್ಲಿ ಬಿಸಿಲು ಗೋಡೆಯ ಮೇಲೇ ನಿಂತುಬಿಡುತ್ತೆ, ನೆಲಕ್ಕೆ ಇಳಿಯಲ್ಲ, ಆಗ ಸೂರ್ಯನಿಗೂ ಬೈಗುಳ. ಏಪ್ರಿಲ್ 24ರ ಆಸುಪಾಸು ಬೆಂಗಳೂರಿನಲ್ಲಿ ನಡು ಮಧ್ಯಾಹ್ನ ನೆರಳೇ ಬೀಳಲ್ಲ ಅಲ್ವಾ, ಸೂರ್ಯ ನೇರ ನೆತ್ತಿಯ ಮೇಲೆ. ಆ ಹೊತ್ತಿಗೆ ನಮ್ಮ ಅಂಗಳದ ಮೂಲೆಮೂಲೆಗೂ ಬಿಸಿಲು. ಅರಳು ಸಂಡಿಗೆ ಅಲ್ಲೇ ಒಣಗುತ್ತೆ. ಗ್ರಿಲ್ ಮೇಲೆ ಕೂತ ಕಾಗೆ ಕತ್ತು ಓರೆ ಮಾಡಿ ನೋಡಿದರೆ ಅತ್ತೆ ಕೋಲು ಎತ್ತುತ್ತಾರೆ.

ಆರ್ಕಿಟೆಕ್ಚರ್ ಓದುತ್ತಿರುವ ತಮ್ಮನ ಮಗಳು ಒಂದು ಮನೆಯ ಫೋಟೋ ತೋರಿಸಿದಳು. ಜಪಾನಿನ ಒಸಾಕಾದಲ್ಲಿ ತಡಾವೊ ಆಂಡೊ 1976ರಲ್ಲಿ ಕಟ್ಟಿದ್ದಂತೆ. ಪುಟ್ಟ ಮನೆ, ಅದರಲ್ಲಿ ನಡುವಿನ ಮೂರನೇ ಒಂದು ಭಾಗ ಬಯಲು. ಮಳೆ ಬಂದರೆ ಮಲಗುವ ರೂಮಿನಿಂದ ಬಾತ್‌ರೂಮಿಗೆ ಕೊಡೆ ಹಿಡಿದು ಹೋಗಬೇಕು. ನಾನು ಅಷ್ಟು ದೂರ ಹೋಗಿಲ್ಲ. ನಮ್ಮಲ್ಲಿ ಪಕ್ಕದಲ್ಲಿ ಮೂರಡಿ ಸೂರು ಬಿಟ್ಟಿದ್ದೇವೆ, ನೆನೆಯದೆ ಅಡುಗೆಮನೆಗೆ ಹೋಗಬಹುದು. ದೊಡ್ಡಮ್ಮನ ಸೊಸೆಗೆ ಆ ಜಪಾನಿ ಮನೆಯ ಫೋಟೋ ಕಳಿಸಿದ್ದೇನೆ. ನೀಲಿ ಟಿಕ್ ಬಂದಿದೆ, ಉತ್ತರ ಇಲ್ಲ.

ಸದ್ಯಕ್ಕೆ ಬಾಕಿ ಇರೋದು ಅಡುಗೆಮನೆಯಿಂದ ಅಂಗಳಕ್ಕೆ ಒಂದು ಕಿಟಕಿ. ಮೇಲಿನ ಗೋಡೆ ಹೊರೋಕೆ ಲಿಂಟಲ್ ತೊಲೆ ಹಾಕಿ ಗೋಡೆ ಒಡೆಯಬೇಕು. ಯುಗಾದಿ ಆದ ಮೇಲೆ ಬರುತ್ತೇನೆ ಅಂದಿದ್ದಾರೆ ಮೇಸ್ತ್ರಿ. ಯಾವ ಯುಗಾದಿ ಅಂತ ಹೇಳಿಲ್ಲ.