ಚಕ್ಕುಲಿ ಒರಳು ಮತ್ತು ಟೊಮೆಟೊ ಸಸಿ

ನಮ್ಮದು ಸೋಮವಾರಪೇಟೆ ಕಡೆಯ ಸಣ್ಣ ಕಾಫಿ ತೋಟ. ಹಿತ್ತಲಲ್ಲಿ ಎಲ್ಲಿ ಗುದ್ದಲಿ ಹಾಕಿದರೂ ಮೊದಲು ಸಿಗೋದು ಮಣ್ಣಲ್ಲ, ಹಳೇ ನರ್ಸರಿಯ ಹರಕು ಪ್ಲಾಸ್ಟಿಕ್ ಕವರು. ಅದಕ್ಕೇ ಈ ಸಲ ತರಕಾರಿ ಸಸಿಗೆ ಕವರೂ ಬೇಡ, ಟ್ರೇನೂ ಬೇಡ ಅಂತ ಶಪಥ ಮಾಡಿದೆ. ಹದವಾಗಿ ಕಲಸಿದ ಮಣ್ಣನ್ನೇ ಅಚ್ಚಿನಲ್ಲಿ ಒತ್ತಿ, ಎರಡಿಂಚಿನ ಬಿಲ್ಲೆ ಮಾಡಿ, ಅದರ ನೆತ್ತಿಗೆ ಬೀಜ ಊರುವ ಪದ್ಧತಿ ಇದೆ. ಸಾಯಿಲ್ ಬ್ಲಾಕ್ ಅಂತಾರೆ. ಕವರಿನೊಳಗೆ ಬೇರು ಗೋಡೆಗೆ ತಾಗಿ ಸುತ್ತು ಹೊಡೆಯುತ್ತೆ. ಕಾಫಿ ಗಿಡ ನೆಡುವಾಗ ಕವರಿನ ತಳದ ಜೊತೆ ಆ ಸುರುಳಿಯನ್ನೂ ಕತ್ತರಿಸೋದು ನಮಗೆ ಹೊಸದಲ್ಲ. ಬ್ಲಾಕಿಗೆ ಗೋಡೆಯೇ ಇಲ್ಲ. ಅಂಚಿಗೆ ಬಂದ ಬೇರಿನ ತುದಿ ಗಾಳಿಗೆ ಒಣಗಿ ಅಲ್ಲೇ ನಿಂತು, ಒಳಗೊಳಗೇ ಕವಲೊಡೆಯುತ್ತದೆ.

ಅಚ್ಚಿನ ಬೆಲೆ ನೋಡಿ ಮೊಬೈಲ್ ಮಗುಚಿಟ್ಟೆ. ಆಮೇಲೆ ಅಡುಗೆಮನೆ ಅಟ್ಟದ ಕಡೆ ಕಣ್ಣು ಹೋಯಿತು. ಅಲ್ಲಿತ್ತು, ಅತ್ತೆಯ ತವರಿಂದ ಬಂದ ಹಿತ್ತಾಳೆ ಚಕ್ಕುಲಿ ಒರಳು. ಬಾಯಿ ಅಳೆದೆ: ಸರಿಯಾಗಿ ಎರಡಿಂಚು! ಅತ್ತೆ ಸೋಮವಾರದ ಸಂತೆಗೆ ಹೋದದ್ದೇ ತಡ, ಅದನ್ನಿಳಿಸಿ ತಳದ ಬಿಲ್ಲೆ ಕಳಚಿದೆ.

ತೆಂಗಿನ ನಾರಿನ ಪುಡಿ, ಜರಡಿ ಹಿಡಿದ ಗೊಬ್ಬರ, ಒಂದಿಷ್ಟು ಮರಳು ಮಣ್ಣು. ಮೊದಲ ಕಲಸು ಒಣಗಲಾಯಿತು, ಒತ್ತಿದರೆ ಅವಲಕ್ಕಿ ಉದುರಿದ ಹಾಗೆ ಉದುರಿತು. ಎರಡನೆಯದಕ್ಕೆ ನೀರು ಹೆಚ್ಚಾಗಿ ಪಚಕ್ಕಂತ ಬಿತ್ತು. ಅಂಗಳ ಗುಡಿಸುತ್ತಿದ್ದ ಕೆಲಸದಾಕೆ ಬಂದು, "ಅಕ್ಕ, ದನ ಇಲ್ಲಿಗೂ ಬಂದಿತ್ತಾ?" ಅಂದಳು. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಿಂದ ಒಂದೆರಡು ಹನಿ ತೊಟ್ಟಿಕ್ಕಬೇಕು, ಧಾರೆಯಾಗಬಾರದು. ಅದೇ ಹದ ಅಂತ ತಿಳಿಯುವಷ್ಟರಲ್ಲಿ ಮಧ್ಯಾಹ್ನದ ಅನ್ನಕ್ಕೆ ಇಡೋದೇ ಮರೆತಿತ್ತು.

ಅಂತೂ ಇಪ್ಪತ್ತನಾಲ್ಕು ಬ್ಲಾಕು ಅಡಿಕೆ ಹಾಳೆ ಮೇಲೆ ಸಾಲಾಗಿ ಕೂತವು. (ಹಾಳೆಯೂ ಪಾತ್ರೆಯೇ ಅಲ್ಲವಾ ಅಂತ ಯಾರೂ ಕೇಳಬೇಡಿ.) ಒರಳನ್ನು ಹುಣಸೆಹುಳಿ ಹಾಕಿ ಮೂರು ಸಲ ತಿಕ್ಕಿ ಅಟ್ಟಕ್ಕೇರಿಸಿದೆ. ಸಂಜೆ ಅತ್ತೆ ಹಾಳೆಯನ್ನು ದಿಟ್ಟಿಸಿ, "ನಾವು ಕುಂಬಳದ ಬೀಜಾನ ಸಗಣಿಯಲ್ಲಿಟ್ಟು ಗೋಡೆಗೆ ಬಡೀತಿದ್ವಿ. ನೀನು ನೆಲದ ಮೇಲೆ ಜೋಡಿಸಿದ್ದೀಯ, ಅಷ್ಟೇ" ಅಂದರು. ಒರಳಿನ ಸುದ್ದಿ ಬರಲಿಲ್ಲ.

ಟೊಮೆಟೊ ಆರನೇ ದಿನಕ್ಕೆ ತಲೆಯೆತ್ತಿತು, ಮೆಣಸಿನಕಾಯಿ ಇನ್ನಷ್ಟು ದಿನ ಸತಾಯಿಸಿತು. ಒಂದು ಬೆಳಿಗ್ಗೆ ಬ್ಲಾಕೊಂದನ್ನು ಅಂಗೈಲಿಟ್ಟು ನೋಡಿದೆ. ಪಕ್ಕದಲ್ಲಿ ಬಿಳಿ ದಾರದಂಥ ಬೇರಿನ ತುದಿಗಳು, ಅಂಚಿಗೆ ಬಂದು, ಬಾಗಿಲಲ್ಲಿ ನಿಂತು ಒಳಗೆ ಬರಲಾ ಅಂತ ಕೇಳುವ ನೆಂಟರ ಹಾಗೆ ನಿಂತಿದ್ದವು. ಅದೂ ಸೇರಿ ಐದನ್ನು ಎಲ್ಲರಿಗೂ ತೋರಿಸೋಕೆ ಅಂತ ಅಡುಗೆಮನೆ ಕಿಟಕಿಯಲ್ಲಿಟ್ಟುಕೊಂಡೆ.

ಅವತ್ತೇ ರಾತ್ರಿ ಹೂಮಳೆ ಬಂತು.

ಇಡೀ ಕೊಡಗು ಮಾರ್ಚಿನಲ್ಲಿ ಆಕಾಶ ನೋಡುತ್ತಾ ಕೂರೋದು ಈ ಮಳೆಗೆ. ಇದು ಬಿದ್ದರೇ ಕಾಫಿ ಮೊಗ್ಗು ಅರಳೋದು. ನಮ್ಮವರು ಬನಿಯನ್ನಿನಲ್ಲೇ ಟಾರ್ಚ್ ಹಿಡಿದು ಮಳೆಮಾಪಕದ ಹತ್ತಿರ ಓಡಿದರು. ನಾನು ಕೊಡೆ ಹಿಡಿದು ಹಾಳೆಯ ಹತ್ತಿರ ಓಡಿದೆ. ಹಂಚಿನಿಂದ ಸುರಿದ ನೀರಿಗೆ ಹತ್ತೊಂಬತ್ತು ಬ್ಲಾಕೂ ಕರಗಿ, ಹಾಳೆಯ ತುಂಬ ರಾಗಿ ಅಂಬಲಿ. "ಒಂದು ಇಂಚು ಹತ್ತು ಸೆಂಟ್!" ಅಂತ ಆ ಕಡೆಯಿಂದ ಕೂಗು. (ಮಳೆ ಲೆಕ್ಕದಲ್ಲಿ ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್.) ಗಂಡನಿಗೆ ಅಷ್ಟು ಖುಷಿಯಾದದ್ದನ್ನು ನಾನು ನಮ್ಮ ಮದುವೆಯಲ್ಲೂ ನೋಡಿರಲಿಲ್ಲ. ಫೋನುಗಳು ಶುರುವಾದವು: ನಿಮ್ಮಲ್ಲೆಷ್ಟು, ನಮ್ಮಲ್ಲಿಷ್ಟು. ನನ್ನ ಲೆಕ್ಕ ಕೇಳಿದವರಿಲ್ಲ.

ಒಂದು ವಾರ ಕಳೆದು ತೋಟವೆಲ್ಲ ಬೆಳ್ಳಗೆ ಅರಳಿ ಘಮ್ಮೆಂದಿತು. ಕಿಟಕಿಯ ಐದು ಸಸಿಗಳನ್ನು ಬ್ಲಾಕ್ ಸಮೇತ ಪಾತಿಯಲ್ಲಿಟ್ಟೆ, ಒಂದೂ ಬಾಡಲಿಲ್ಲ. ಹೂ ನೋಡೋಕೆ ನಾದಿನಿ ಮಕ್ಕಳನ್ನು ಕಟ್ಟಿಕೊಂಡು ಬಂದಳು, ಅತ್ತೆ ಒರಳು ಇಳಿಸಿದರು. ನನ್ನ ಎದೆ ಢವಢವ.

ಜಗಲಿಯಲ್ಲಿ ಚಕ್ಕುಲಿ ಕಚ್ಚಿದ ನಮ್ಮವರು ಒಂದು ಕ್ಷಣ ಅಗಿಯೋದು ನಿಲ್ಲಿಸಿದರು. "ಅಮ್ಮ, ಏನೋ ಕರಕರ ಅಂತಿದೆಯಲ್ಲ?"

ಅತ್ತೆ ನನ್ನತ್ತ ನೋಡಿಯೇ ಹೇಳಿದರು: "ಚಕ್ಕುಲಿ ಅಂದ್ಮೇಲೆ ಕರಕರ ಅನ್ನದೆ ಇನ್ನೇನು? ಸುಮ್ಮನೆ ತಿನ್ನು."

ನಾನು ಎಲ್ಲರಿಗೂ ಇನ್ನೊಂದು ಲೋಟ ಕಾಫಿ ತರೋಕೆ ಎದ್ದೆ.